ಬಾದಾಮಿ ಅಜ್ಜನ ಕೌದಿ

ಡಿಸೆಂಬರ್ 4 ಬಂತೆಂದರೆ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ನೌಕಾಪಡೆ ದಿನದ ಒಂದು ಫಾರ್ವರ್ಡ್ ಬಂದೇ ಬರುತ್ತದೆ. ಬಿಳಿ ಸಮವಸ್ತ್ರ, ಹಾರಾಡುವ ಬಾವುಟ, ಕೆಳಗೆ ಸೆಲ್ಯೂಟ್ ಹೊಡೆಯುವ ನಾಲ್ಕೈದು ಎಮೋಜಿ. ನಾನೂ ಒಂದು ಒತ್ತಿ ಕೆಲಸಕ್ಕೆ ವಾಪಸ್ ಹೋಗ್ತೀನಿ. ಇಳಕಲ್ಲಿನ ನಮ್ಮಜ್ಜನ ಮನೆಯಲ್ಲಿ ಮಾತ್ರ ಆ ದಿನ ಎಲ್ಲ ದಿನಗಳ ಹಾಗೇ ಕಳೆಯುತ್ತದೆ. ಅಲ್ಲಿ ಲೆಕ್ಕಕ್ಕಿರುವುದು ಡಿಸೆಂಬರ್ 10.

ಅಜ್ಜ ಅಂದರೆ ಅಮ್ಮನ ಅಪ್ಪ. ಪ್ರತಿ ವರ್ಷ ಡಿಸೆಂಬರ್ 10ರ ಬೆಳಿಗ್ಗೆ ಬಾಗಲಕೋಟೆ ಕಡೆಯ ಬಸ್ಸಿನಿಂದ ಇನ್ನೊಬ್ಬ ಅಜ್ಜ ಇಳಿಯುತ್ತಿದ್ದರು. ಕೈಯಲ್ಲಿ ದಾರಿಯಲ್ಲಿ ಕೊಂಡ ಅಮೀನಗಡದ ಕರದಂಟಿನ ಡಬ್ಬಿ. ನಾವು ಮಕ್ಕಳು ಅವರನ್ನು ಬಾದಾಮಿ ಅಜ್ಜ ಅಂತಿದ್ದೆವು. ಇಬ್ಬರೂ ಮನೆ ಮುಂದಿನ ಕಟ್ಟೆ ಮೇಲೆ ಕೂರುತ್ತಿದ್ದರು. ಚಹಾ, ಗಿರಮಿಟ್ಟು, ಮಧ್ಯಾಹ್ನ ರೊಟ್ಟಿ ಊಟ, ಮತ್ತೆ ಚಹಾ. ಮಾತೆಂದರೆ ಮಳೆ, ಬೆಳೆ, ಮಂಡಿನೋವು, ಪೆನ್ಷನ್ನು. ಅರ್ಧ ಹೊತ್ತು ಅದೂ ಇಲ್ಲ. ಸಂಜೆ ಐದಕ್ಕೆ ಅಜ್ಜ ಬಸ್‌ಸ್ಟ್ಯಾಂಡಿನ ತನಕ ಹೋಗಿ ಕಳಿಸಿ ಬರೋರು. ಇಬ್ಬರಲ್ಲಿ ಯಾರದ್ದೋ ಹುಟ್ಟುಹಬ್ಬ ಇರಬೇಕು ಅಂದುಕೊಂಡು ನಾನೊಮ್ಮೆ ‘ಕೇಕ್ ಎಲ್ಲಿ?’ ಅಂತ ಕೇಳಿದ್ದೆ. ಬಾದಾಮಿ ಅಜ್ಜ ಕರದಂಟಿನ ದೊಡ್ಡ ತುಂಡೊಂದನ್ನು ನನ್ನ ಬಾಯಿಗೆ ತುರುಕಿ, ‘ಇದ ಕೇಕ್. ತಿನ್ನು’ ಅಂದಿದ್ದರು.

ನಮ್ಮ ಜಿಲ್ಲೆಗೂ ಸಮುದ್ರಕ್ಕೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ಇಳಕಲ್‌ನಿಂದ ಕಾರವಾರಕ್ಕೆ ಹೋಗಬೇಕೆಂದರೆ ಒಂದು ಇಡೀ ಹಗಲು ಬೇಕು. ನಮ್ಮ ಕಡೆ ನೀರು ಅಂದರೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಇಲ್ಲಾಂದ್ರೆ ಟ್ಯಾಂಕರ್. ಆದರೆ ಈ ಪ್ರಶ್ನೆಗೆ ಬಾದಾಮಿ ಅಜ್ಜನ ಬಳಿ ಉತ್ತರ ಸಿದ್ಧ ಇರುತ್ತಿತ್ತು. ‘ಐಹೊಳಿ ಮೇಗುಟಿ ಗುಡಿ ಶಾಸನ ಓದಿಯೇನು? ಪುಲಿಕೇಶಿ ನೂರಾರು ಹಡಗ ತಗೊಂಡು ಪಶ್ಚಿಮ ಸಮುದ್ರದಾಗ ಪುರಿ ಅನ್ನೂ ಪಟ್ಟಣದ ಮ್ಯಾಲೆ ಹೋಗಿದ್ದ. ರಾಜಧಾನಿ ಯಾವೂರು? ಬಾದಾಮಿ! ಮೊದಲ ನೇವಿ ನಮ್ದಪಾ.’ ಅವರು ಹೇಳಿದ್ದು ನಿಜ. ಕ್ರಿ.ಶ. 634ರ ಆ ಶಾಸನದಲ್ಲಿ ಕವಿ ರವಿಕೀರ್ತಿ ಇದನ್ನು ಬರೆದಿದ್ದಾನೆ. ಆ ಗುಡ್ಡ ಇರೋದು ನಮ್ಮ ಹುನಗುಂದ ತಾಲ್ಲೂಕಿನಲ್ಲೇ. ‘ಅಂದ್ರ ಶಾಸನ ನಮ್ಮದು, ಹಡಗಷ್ಟ ನಿಮ್ಮದು’ ಅಂತ ನಮ್ಮಜ್ಜ ಕಾಲೆಳೆಯೋರು. ಅರವತ್ತು ವರ್ಷದ ಸ್ನೇಹದಲ್ಲಿ ಈ ಜಗಳಕ್ಕೇ ಐವತ್ತು ವರ್ಷ ಆಗಿರಬೇಕು.

ಇಬ್ಬರೂ ಭೇಟಿಯಾಗಿದ್ದು ಲೋನಾವಳದಲ್ಲಿ, ನೌಕಾಪಡೆಯ ಇಂಜಿನ್ ವಿಭಾಗದವರಿಗೆ ತರಬೇತಿ ಕೊಡುವ ಐಎನ್‌ಎಸ್ ಶಿವಾಜಿಯಲ್ಲಿ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ಇಬ್ಬರ ಕಾಗದದಲ್ಲೂ ಇದ್ದದ್ದು ಬಿಜಾಪುರ ಜಿಲ್ಲೆ. ಅಜ್ಜನದು ನೇಕಾರರ ಮನೆ, ಕುಣಿಮಗ್ಗ. ಹೊಟ್ಟೆಗೆ ಸಾಲದೆ ಹದಿನೆಂಟಕ್ಕೆ ಊರು ಬಿಟ್ಟವರು. ಬಾದಾಮಿ ಅಜ್ಜನದು ಮಲಪ್ರಭೆ ದಂಡೆಯ ಹಳ್ಳಿ, ಮಳೆ ನಂಬಿದ ಹೊಲ. ಇಬ್ಬರೂ ಅಲ್ಲಿಯವರೆಗೆ ಸಮುದ್ರ ಕಂಡವರಲ್ಲ. ಹಿಂದಿ ಬರುತ್ತಿರಲಿಲ್ಲ, ಇಂಗ್ಲಿಷ್ ಅಂತೂ ದೂರವೇ ಉಳಿಯಿತು. ಒಂದೇ ಜಿಲ್ಲೆಯವರೆಂಬುದೂ ಮೊದಮೊದಲು ಗೊತ್ತಿರಲಿಲ್ಲ.

ಗೊತ್ತಾಗಿದ್ದು ಒಂದು ಕೌದಿಯಿಂದ. ಲೋನಾವಳದ ಮಳೆಗಾಲದ ಚಳಿಗೆ ಪಕ್ಕದ ಮಂಚದ ಹುಡುಗ ಒಂದು ರಾತ್ರಿ ಕಿಟ್ ಬ್ಯಾಗಿನ ತಳದಿಂದ ಕೌದಿ ತೆಗೆದು ಹೊದ್ದುಕೊಂಡ. ಅವನ ಅವ್ವ ಹಳೇ ಸೀರೆಗಳ ತುಂಡು ಸೇರಿಸಿ ಹೊಲಿದು ಕೊಟ್ಟಿದ್ದು. ಅದರ ನಟ್ಟನಡುವೆ ಕೆಂಪು ಸೆರಗಿನ ಒಂದು ತುಂಡು, ಅದರ ಮೇಲೆ ಸಾಲಾಗಿ ಬಿಳಿ ತೆನೆ. ಇಳಕಲ್ ಸೀರೆಯ ತೋಪು ತೆನಿ ಸೆರಗು! ಮಗ್ಗದ ಮನೆಯಲ್ಲಿ ಹುಟ್ಟಿದವನ ಕಣ್ಣಿಗೆ ಅದು ತಪ್ಪೀತೇ? ಅಜ್ಜ ಎದ್ದು ಹೋಗಿ ಕೌದಿಯನ್ನು ಕೈಯಲ್ಲಿ ಹಿಡಿದು ನೋಡಿ, ‘ಇದು ನಮ್ಮೂರ ಸೀರಿ’ ಅಂದರಂತೆ, ಕನ್ನಡದಲ್ಲಿ. ಆ ಹುಡುಗ ಎದ್ದು ಕೂತು, ‘ಯವ್ವಾ, ಅಂತೂ ಒಬ್ಬಾಂವ ಸಿಕ್ಕ!’ ಅಂದನಂತೆ. ಆ ರಾತ್ರಿ ಇಬ್ಬರೂ ಮಲಗಲೇ ಇಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬನಶಂಕರಿ ಜಾತ್ರೆಯ ನಾಟಕ, ಎಲ್ಲ ಮಾತಾಡಿ ಮುಗಿಸುವಷ್ಟರಲ್ಲಿ ಬೆಳಗಿನ ಸೀಟಿ ಊದಿತು.

ಈ ಕಥೆಯನ್ನು ಇಬ್ಬರೂ ನೂರು ಸಲ ಹೇಳಿದ್ದಾರೆ. ಯುದ್ಧದ ಕಥೆ ಮಾತ್ರ ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ.

1971ರ ಡಿಸೆಂಬರಿನಲ್ಲಿ ಏನಾಯಿತು ಅನ್ನೋದನ್ನ ನಾನು ತಿಳಿದುಕೊಂಡಿದ್ದು ಪುಸ್ತಕಗಳಿಂದ. ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯಿತು. ಮರುದಿನ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಸಣ್ಣ ಕ್ಷಿಪಣಿ ನೌಕೆಗಳು ಕರಾಚಿ ಬಂದರಿನ ಸಮೀಪಕ್ಕೇ ಹೋಗಿ ದಾಳಿ ಮಾಡಿದವು. ಪಾಕಿಸ್ತಾನದ ಖೈಬರ್ ಯುದ್ಧನೌಕೆ ಮುಳುಗಿತು. ಆಪರೇಷನ್ ಟ್ರೈಡೆಂಟ್ ಅಂತ ಅದರ ಹೆಸರು. ಡಿಸೆಂಬರ್ 4 ನೌಕಾಪಡೆ ದಿನವಾಗಿದ್ದು ಆ ಗೆಲುವಿನಿಂದ. ಅದೇ ಹೊತ್ತಿಗೆ ಪೂರ್ವದಲ್ಲಿ ವಿಕ್ರಾಂತ್‌ನಿಂದ ಹಾರಿದ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಬಾಂಬು ಹಾಕುತ್ತಿದ್ದವು. 16ಕ್ಕೆ ಯುದ್ಧ ಮುಗಿಯಿತು, ಬಾಂಗ್ಲಾದೇಶ ಹುಟ್ಟಿತು. ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ.

ನಡುವೆ ಇನ್ನೊಂದು ರಾತ್ರಿ ಇತ್ತು. ಡಿಸೆಂಬರ್ 9ರಂದು ದಿಯು ತೀರದಾಚೆ ಜಲಾಂತರ್ಗಾಮಿಯನ್ನು ಹುಡುಕುತ್ತಿದ್ದ ನಮ್ಮ ಐಎನ್‌ಎಸ್ ಖುಕ್ರಿಗೆ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಟಾರ್ಪಿಡೊ ಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಹಡಗು ನೀರಿನೊಳಗೆ ಹೋಯಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅವರೊಂದಿಗೆ ಹೋದವರು, ಅವರೂ ಸೇರಿ, 18 ಅಧಿಕಾರಿಗಳು ಮತ್ತು 176 ನಾವಿಕರು. ಬದುಕಿದ 67 ಜನರನ್ನು ನೀರಿನಿಂದ ಎತ್ತಿದ್ದು ಮರುದಿನ.

ಆ ಮರುದಿನವೇ ಡಿಸೆಂಬರ್ 10. ಹುಡುಕಾಟಕ್ಕೆ ಹೋದ ಕಡೆ ಇವರಿಬ್ಬರೂ ಇದ್ದರು. ಹಡಗಿನ ಹೆಸರು ಬರೀಬ್ಯಾಡ ಅಂತ ಅಜ್ಜ ಹೇಳಿದ್ದಾರೆ. ‘ಅದರಾಗ ನಾವಿಬ್ಬರ ಇರಲಿಲ್ಲ. ಉಳಿದವರನ್ನ ಕೇಳಿ ಬರೀತಿಯೇನು?’ ಅಂದರು. ಸರಿ ಅನಿಸಿತು. ಬರೆದಿಲ್ಲ.

ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷ ಭಾನುವಾರದ ಊಟ ಬಾದಾಮಿ ಅಜ್ಜನ ಮನೆಯಲ್ಲೇ. 15 ವರ್ಷ ಸರ್ವಿಸ್ ಮುಗಿಸಿ ಬಂದ ಮೇಲೆ ಅವರು ಬಾಗಲಕೋಟೆಯಲ್ಲಿ ಕೆಲಸ ಹಿಡಿದು, ಹಳೇ ಊರಿನಲ್ಲಿ ಮನೆ ಮಾಡಿಕೊಂಡಿದ್ದರು. ಆಲಮಟ್ಟಿಯ ಹಿನ್ನೀರು ಬಂದಾಗ ಆ ಓಣಿ ಮುಳುಗಡೆಗೆ ಹೋಯಿತು. ನಮ್ಮ ಕಡೆಯವರಿಗೆ ಮುಳುಗಡೆ ಅನ್ನೋದು ದಿನಬಳಕೆಯ ಶಬ್ದ. ಮುಳುಗಡೆ ಪರಿಹಾರ, ಮುಳುಗಡೆ ಪ್ಲಾಟು, ಮುಳುಗಡೆ ಆಫೀಸು. ಅವರು ಮನೆ ಖಾಲಿ ಮಾಡಿದ ದಿನ ನಮ್ಮಜ್ಜ ಇಳಕಲ್‌ನಿಂದ ಟೆಂಪೊ ತಗೊಂಡು ಹೋಗಿದ್ದರು, ನಾನೂ ಹಿಂದೆ ಪಾತ್ರೆಗಳ ನಡುವೆ ಕೂತಿದ್ದೆ. ನನಗಾಗ ಆರೋ ಏಳೋ ವರ್ಷ. ಕಿತ್ತ ಬಾಗಿಲ ಚೌಕಟ್ಟನ್ನು ಇಬ್ಬರೂ ಎತ್ತಿ ಇಡುವಾಗ ಬಾದಾಮಿ ಅಜ್ಜ ಅಂದಿದ್ದು ಈಗಲೂ ನೆನಪಿದೆ. ‘ಹಡಗ ಮುಳುಗಾಕ ಎರಡು ಮೂರು ನಿಮಿಷ ಸಾಕು. ಊರು ಮುಳುಗಾಕ ನೋಡಲೇ, ಎಷ್ಟ ವರ್ಷ ಹಿಡೀತು.’ ನಮ್ಮಜ್ಜ ಏನೂ ಅನ್ನಲಿಲ್ಲ. ಚೌಕಟ್ಟನ್ನು ಕೆಳಗಿಟ್ಟು, ಗೆಳೆಯನ ಬೆನ್ನ ಮೇಲೆ ಕೈ ಇಟ್ಟು ನಿಂತರು. ನನಗೆ ಆಗ ಹಡಗು ಅಂದದ್ದು ಯಾಕೆಂದು ತಿಳಿಯಲಿಲ್ಲ.

ನವನಗರದ ಆ ಹೊಸ ಮನೆಯಲ್ಲಿ ಒಂದು ಶನಿವಾರ ರಾತ್ರಿ ಉಳಿದಿದ್ದೆ. ಎರಡು ಗಂಟೆಯ ಹೊತ್ತಿಗೆ ಪಕ್ಕದ ಕೋಣೆಯಿಂದ ಕೂಗು. ‘ಕೈ ಹಿಡಿ! ಕೈ ಹಿಡಿಯೋ!’ ಹೆದರಿ ಎದ್ದೆ. ಅಜ್ಜಿ ದೀಪ ಹಾಕಿ, ನೀರು ಕೊಟ್ಟು, ನನ್ನ ಕಡೆ ನೋಡಿ ‘ಮಲ್ಕೋ ತಮ್ಮಾ, ಏನಿಲ್ಲ’ ಅಂದರು. ಬೆಳಿಗ್ಗೆ ಬಾದಾಮಿ ಅಜ್ಜ ಎಂದಿನ ಹಾಗೆ ಪೇಪರ್ ಓದುತ್ತಾ ಕೂತಿದ್ದರು.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ನನಗೊಂದು ಹುಚ್ಚು ಹತ್ತಿತು. ಇವರಿಬ್ಬರ ಮಾತು ರೆಕಾರ್ಡ್ ಮಾಡಬೇಕು ಅಂತ. ಆನ್‌ಲೈನ್‌ನಲ್ಲಿ ಒಳ್ಳೇ ಮೈಕ್ ತರಿಸಿದೆ. ಆ ವರ್ಷ ಡಿಸೆಂಬರ್ 10ಕ್ಕೆ ರಜೆ ಹಾಕಿ ಇಳಕಲ್‌ಗೆ ಹೋಗಿ, ಕಟ್ಟೆ ಮೇಲೆ ಇಬ್ಬರ ನಡುವೆ ಮೈಕ್ ಇಟ್ಟು, ‘ಯುದ್ಧದ್ದು ಹೇಳ್ರಿ ಅಜ್ಜಾ’ ಅಂದೆ.

ಬಾದಾಮಿ ಅಜ್ಜ ಮೈಕನ್ನು ಕೈಯಲ್ಲಿ ತಿರುಗಿಸಿ ನೋಡಿದರು. ‘ಇದನ್ನ ತಗೊಂಡು ಏನ್ ಮಾಡ್ತಿ?’

‘ಎಲ್ಲಾರಿಗೂ ಗೊತ್ತಾಗ್ಲಿ ಅಂತ.’

‘ಎಲ್ಲಾರಿಗೂ ಗೊತ್ತಾದ್ರ ನನ್ನ ಭಾರ ಕಮ್ಮಿ ಆಗ್ತೈತೇನು?’

ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಮುಂದುವರಿಸಿದರು, ನಮ್ಮಜ್ಜನ ಕಡೆ ಗದ್ದ ಎತ್ತಿ ತೋರಿಸಿ. ‘ಇವಂಗ ಗೊತ್ತೈತಿ. ಸಾಕು.’

ನನಗೆ ಸ್ವಲ್ಪ ಬೇಜಾರಾಗಿದ್ದು ಹೌದು. ಸಮಾಧಾನಕ್ಕೆ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಕಾರವಾರಕ್ಕೆ ಹೋದೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಅನ್ನೋ ಹಳೇ ಕ್ಷಿಪಣಿ ನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರಲ್ಲ, ನೀವೂ ಸೆಲ್ಫಿ ತೆಗೆದಿರಬಹುದು. ಪಕ್ಕದಲ್ಲಿ ಒಬ್ಬರು ತಮ್ಮ ಮಗನಿಗೆ, ‘ಎಪ್ಪತ್ತೊಂದರಲ್ಲಿ ಕರಾಚಿ ಸುಟ್ಟಿದ್ದು ಇದೇ’ ಅಂತ ಹೇಳುತ್ತಿದ್ದರು. ಬಾದಾಮಿ ಅಜ್ಜ ನನ್ನ ಕಿವಿಯಲ್ಲಿ, ‘ಇದು ನೇವಿಗೆ ಬಂದದ್ದ ಎಪ್ಪತ್ತಾರರಾಗ. ಆದ್ರ ಹೇಳಬ್ಯಾಡ, ಆ ಹುಡುಗ ಎಷ್ಟು ಖುಷಿ ಅದಾನ ನೋಡು’ ಅಂದರು. ಆಮೇಲೆ ಇಬ್ಬರೂ ಮರಳಲ್ಲಿ ನೀರಿನ ಅಂಚಿನವರೆಗೆ ನಡೆದರು. ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು. ಅಲೆ ಪಾದಕ್ಕೆ ತಾಗಿದಾಗ ಬಾದಾಮಿ ಅಜ್ಜ ನಮ್ಮಜ್ಜನ ತೋಳು ಹಿಡಿದುಕೊಂಡರು. ವಾಪಸ್ ಕಾರಿನವರೆಗೂ ಬಿಡಲಿಲ್ಲ.

ಬಾದಾಮಿ ಅಜ್ಜ ಈ ಬೇಸಿಗೆಯಲ್ಲಿ ತೀರಿಕೊಂಡರು. ನಿದ್ದೆಯಲ್ಲಿ. ಆ ರಾತ್ರಿ ಕೂಗಲಿಲ್ಲವಂತೆ.

ಮಣ್ಣು ಮಾಡಿದ್ದು ಬಾದಾಮಿ ಹತ್ತಿರದ ಅವರ ಹೊಲದಲ್ಲಿ. ನನಗೆ ಆ ದಿನ ಹೋಗಲಾಗಲಿಲ್ಲ, ಶಿವಗಣಾರಾಧನೆಗೆ ರಾತ್ರಿ ಬಸ್ಸು ಹಿಡಿದು ಇಳಕಲ್‌ಗೆ ಬಂದು ಅಜ್ಜನನ್ನು ಕಾರಿನಲ್ಲಿ ಕರೆದುಕೊಂಡು ಹೊರಟೆ. ಹುನಗುಂದ ದಾಟಿದೆವು. ಅಮೀನಗಡದಲ್ಲಿ ನಿಲ್ಲಿಸು ಅಂದರು. ಕರದಂಟಿನ ಅಂಗಡಿ ಮುಂದೆ ಇಳಿದು ಸ್ವಲ್ಪ ಹೊತ್ತು ನಿಂತು, ಏನೂ ಕೊಳ್ಳದೆ ವಾಪಸ್ ಬಂದು ಕೂತರು. ಐಹೊಳೆಯ ಹತ್ತಿರ ಮೇಗುಟಿ ಗುಡ್ಡ ಕಂಡಾಗ ಕಿಟಕಿಯ ಕಡೆ ಮುಖ ಮಾಡಿ, ‘ಶಾಸನ ನಮ್ಮದ ಅಲೇ’ ಅಂದರು. ನನಗೆ ಹೇಳಿದ್ದಲ್ಲ.

ಊಟ, ಭಜನೆ ಮುಗಿದು ಬಂದವರೆಲ್ಲ ಹೋದ ಮೇಲೆ ಬಾದಾಮಿ ಅಜ್ಜನ ಮಗ ಬಂದು ನಮ್ಮಜ್ಜನ ಕಾಲ ಬಳಿ ಕೂತರು. ನಾನು ಅವರನ್ನು ಮಾಮಾ ಅಂತೀನಿ. ಐವತ್ತು ದಾಟಿದವರು.

‘ಕಾಕಾ, ಒಂದ ಮಾತು ಕೇಳಬೇಕಾಗಿತ್ತು.’

‘ಕೇಳಪಾ.’

‘ಅಪ್ಪ ಆವತ್ತ ಸಮುದ್ರದಾಗ ಏನ್ ನೋಡಿದ್ದ?’

ಅಜ್ಜ ಮಾತಾಡಲಿಲ್ಲ. ಮಾಮಾ ಬಿಡಲಿಲ್ಲ. ಸಣ್ಣವರಿದ್ದಾಗ ಓಣಿಯ ಹುಡುಗರೆಲ್ಲ ಘಟಪ್ರಭೆಯಲ್ಲಿ ಈಜಲು ಹೋದರೆ ಇವರಿಗೆ ಮಾತ್ರ ಬಿಡುತ್ತಿರಲಿಲ್ಲವಂತೆ. ಒಮ್ಮೆ ಕದ್ದು ಹೋಗಿದ್ದಕ್ಕೆ ಅಪ್ಪ ಬೆಲ್ಟಿನಿಂದ ಹೊಡೆದು, ಆಮೇಲೆ ಮೂರು ದಿನ ಮಾತೇ ಆಡಿರಲಿಲ್ಲವಂತೆ. ನಡುರಾತ್ರಿಯ ಕೂಗು, ಡಿಸೆಂಬರ್ ಬಂತೆಂದರೆ ಮನೆಯಲ್ಲಿ ಬಿಗಿ ಮೌನ. ‘ನಾವ ಏನೋ ತಪ್ಪು ಮಾಡೇವಿ, ಅದಕ್ಕ ಅಪ್ಪಗ ನಾವು ಬ್ಯಾಡ ಅಂತ ಅಂದ್ಕೊಂಡ ದೊಡ್ಡವನಾದೆ ಕಾಕಾ. ಸಾಯೂತನಕ ಕೇಳಾಕ ಧೈರ್ಯ ಸಾಲಲಿಲ್ಲ. ಈಗ ಅದು ಗೊತ್ತಿದ್ದವರು ನೀವೊಬ್ಬರ.’

ಕೇಳುತ್ತಿದ್ದ ನನಗೆ ಗಂಟಲು ಕಟ್ಟಿತು. ಇದು ನನ್ನ ಹಾಗೆ ಮೈಕ್ ಇಟ್ಟು ಕೇಳಿದ ಪ್ರಶ್ನೆ ಆಗಿರಲಿಲ್ಲ. ಮಗನಿಗೆ ತಿಳಿಯುವ ಹಕ್ಕಿಲ್ಲವೇ? ಹೋದವರ ಗುಟ್ಟು ಕಾಯುವುದು ದೊಡ್ಡದೋ, ಇದ್ದವರ ಸಂಕಟ ಇಳಿಸುವುದು ದೊಡ್ಡದೋ? ಅಜ್ಜನ ಜಾಗದಲ್ಲಿ ನಾನಿದ್ದಿದ್ದರೆ ಹೇಳಿಬಿಡುತ್ತಿದ್ದೆ.

ಅಜ್ಜ ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟರು.

‘ತಮ್ಮಾ, ನಿಮ್ಮಪ್ಪ ಏನ್ ನೋಡಿದ ಅನ್ನೂದು ಅವನ ಸ್ವತ್ತು. ನನ್ನ ಹಂತೇಕ ಇಟ್ಟು ಹೋಗ್ಯಾನ. ಹಂಚು ಅಂತ ಕೊಟ್ಟಿಲ್ಲ. ಅದನ್ನ ನಾ ಹೇಳಂಗಿಲ್ಲ, ಸಿಟ್ಟಾಗಬ್ಯಾಡ. ಆದ್ರ ಅಂವ ಏನ್ ಮಾಡಿದ ಅನ್ನೂದು ಹೇಳ್ತೇನಿ. ಅದು ನಿಂದು. ಕೇಳು.’

ಆಮೇಲೆ ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಆ ದಿನ ಅಜ್ಜ ಕೆಳಗೆ ಇಂಜಿನ್ ರೂಮಿನಲ್ಲಿ ವಾಚ್‌ನಲ್ಲಿದ್ದರು. ವಾಚ್ ಅಂದರೆ ನಾಲ್ಕು ತಾಸಿನ ಪಾಳಿ. ಬಾದಾಮಿ ಅಜ್ಜನ ಪಾಳಿ ಮುಗಿದಿತ್ತು. ಹಡಗಿನ ವೇಗ ಇಳಿಸಿ ಅಂತ ಮೇಲಿಂದ ಆದೇಶ ಬಂತು, ಕೈ ಖಾಲಿ ಇದ್ದವರೆಲ್ಲ ಡೆಕ್‌ಗೆ ಬನ್ನಿ ಅಂತಲೂ ಬಂತು. ಕೆಳಗಿದ್ದವರಿಗೆ ಏನೂ ಕಾಣುವುದಿಲ್ಲ. ಸುತ್ತ ಕಬ್ಬಿಣ, ಮೈ ಸುಡುವ ಸೆಕೆ, ಮುಂದೆ ಗೇಜುಗಳ ಮುಳ್ಳು. ಯುದ್ಧದ ನಡುವೆ, ಜಲಾಂತರ್ಗಾಮಿ ಇರಬಹುದಾದ ನೀರಿನಲ್ಲಿ ಹಡಗು ಹೆಚ್ಚುಕಡಿಮೆ ನಿಂತಿದೆ ಅನ್ನುವುದಷ್ಟೇ ಗೊತ್ತು. ಮೇಲೆ ಹೋದ ಬಾದಾಮಿ ಅಜ್ಜ ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಬಲೆ ಹಿಡಿದು ಕೆಳಗೆ ಇಳಿದರು. ಸೊಂಟದವರೆಗೆ ಅಲೆ ಬಡಿಯುತ್ತಿತ್ತು. ನೀರಿನಲ್ಲಿದ್ದವರ ಮೈಗೆಲ್ಲ ಎಣ್ಣೆ ಮೆತ್ತಿತ್ತು. ಹಿಡಿದ ಕೈ ಜಾರುತ್ತಿತ್ತು, ಮತ್ತೆ ಹಿಡಿಯಬೇಕು, ಮತ್ತೆ ಜಾರುತ್ತಿತ್ತು. ಎಷ್ಟು ಜನರನ್ನು ಎಳೆದು ಮೇಲಿನವರಿಗೆ ಕೊಟ್ಟರೋ ಅವರೇ ಎಣಿಸಲಿಲ್ಲ. ‘ಸಾಕು, ಮೇಲೆ ಬಾ’ ಅಂದರೂ ಬರಲಿಲ್ಲವಂತೆ.

ಎಲ್ಲ ಮುಗಿದ ಮೇಲೆ ಮೆಸ್ಸಿಗೆ ಬಂದು ಕಿಟ್ ಬ್ಯಾಗ್ ಸುರಿದರು. ಇದ್ದ ಬಟ್ಟೆಯನ್ನೆಲ್ಲ ತಗೊಂಡು ಹೋಗಿ ಕೊಟ್ಟರು. ತಳದಲ್ಲಿ ಕೌದಿ ಇತ್ತು. ಒಬ್ಬ ಹುಡುಗ, ಇವರದೇ ವಯಸ್ಸು, ಹಲ್ಲು ಕಟಕಟ ಅನ್ನುವಂತೆ ನಡುಗುತ್ತಿದ್ದ. ಅವನ ಭಾಷೆ ಇವರಿಗೆ ಬರುತ್ತಿರಲಿಲ್ಲ. ಅವನಿಗೆ ಆ ಕೌದಿ ಸುತ್ತಿ, ಹಿಂದಿನಿಂದ ತಬ್ಬಿಕೊಂಡು ಕೂತರು. ಬೊಂಬಾಯಿ ಬಂದರಿನಲ್ಲಿ ಆ ಹುಡುಗನನ್ನು ಆಸ್ಪತ್ರೆಗೆ ಒಯ್ಯುವಾಗ ಕೌದಿ ವಾಪಸ್ ತಗೊಳ್ಳಲಿ ಅಂತ ಯಾರೋ ಎಳೆದರೆ, ಅವನು ಬಿಡಲಿಲ್ಲ. ‘ಇರಲಿ ಬಿಡ್ರಿ, ಅವನ ಮುಟಗಿ ಬಿಚ್ಚಬ್ಯಾಡ್ರಿ’ ಅಂದರಂತೆ ಬಾದಾಮಿ ಅಜ್ಜ. ಆ ಹುಡುಗನ ಹೆಸರೂ ಕೇಳಿಕೊಳ್ಳಲಿಲ್ಲ.

ಆ ರಾತ್ರಿ ಬಾದಾಮಿ ಅಜ್ಜನ ಕೈ ಎಷ್ಟು ನಡುಗುತ್ತಿತ್ತೆಂದರೆ ಚಹಾದ ಮಗ್ಗು ನಿಲ್ಲುತ್ತಿರಲಿಲ್ಲ. ಅವರ ಪಾಳಿಯನ್ನೂ ನಮ್ಮಜ್ಜನೇ ಮಾಡಿದರು. ಪಾಳಿ ಮುಗಿಸಿ ಬಂದ ಮೇಲೆ ಮಗ್ಗು ತಾವೇ ಹಿಡಿದು ಚಹಾ ಕುಡಿಸಿದರು. ಆಗಲೇ ಬಾದಾಮಿ ಅಜ್ಜ ನೋಡಿದ್ದನ್ನೆಲ್ಲ ಒಮ್ಮೆ ಹೇಳಿದ್ದು. ಒಂದೇ ಸಲ. ಆಮೇಲೆ ಐವತ್ತು ವರ್ಷ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಪ್ರತಿ ಡಿಸೆಂಬರ್ 10ಕ್ಕೆ ಕೂತು ಚಹಾ ಕುಡಿದರು, ಅಷ್ಟೇ.

ಮಾಮಾ ತಲೆ ತಗ್ಗಿಸಿ ಕೇಳುತ್ತಿದ್ದರು. ಕೌದಿಯ ಮಾತು ಬಂದಾಗ ತಟ್ಟನೆ ತಲೆ ಎತ್ತಿದರು.

‘ಕೌದಿ? ಅದು ರೈಲಿನಾಗ ಕಳೀತು ಅಂತ ಹೇಳಿದ್ದ ಅಪ್ಪ! ನಮ್ಮ ಆಯಿ ಸಾಯೂತನಕ ಬೈತಿದ್ಲು. ನನ್ನ ಮದುವಿ ಸೀರಿ ಸೆರಗು ಹಾಕಿ ಹೊಲದಿದ್ದೆ, ಕಳಕೊಂಡ ಬಂದ ನೋಡು ಗುಣಗೇಡಿ ಅಂತ.’

‘ಮತ್ತೇನ್ ಹೇಳ್ತಾನ? ಕೌದಿ ಎಲ್ಲಿ ಹೋತು ಅಂತ ಹೇಳಿದ್ರ, ಯಾಕ ಹೋತು ಅಂತ ಹೇಳಬೇಕು. ಅದನ್ನ ಕೇಳಿದ ಮ್ಯಾಲೆ ಯಾವ ತಾಯಿ ಮಗನ್ನ ವಾಪಸ್ ಹಡಗಿಗೆ ಕಳಸ್ತಾಳ? ಬೈಸಿಕೊಂಡ, ಸುಮ್ಮನಾದ.’ ಅಜ್ಜ ಸ್ವಲ್ಪ ತಡೆದು ಸೇರಿಸಿದರು. ‘ನಿನಗ ಬೆಲ್ಟಿಂದ ಹೊಡದ ದಿನ ನನಗ ಪತ್ರ ಬರದಿದ್ದ. ಮಗನ್ನ ಹೊಡದೆ, ನೀರಿನ ಅಂಜಿಕಿ ನಂದು, ಪೆಟ್ಟು ಅವಂಗ ಬಿತ್ತು ಅಂತ. ನೀವು ಬ್ಯಾಡಾಗಿದ್ದಿಲ್ಲೋ ತಮ್ಮಾ. ನಿಮ್ಮ ಕೈ ಜಾರಿದ್ರ ಹೆಂಗ ಅನ್ನೂದ ಅವನ ಚಿಂತಿ.’

ಐವತ್ತು ದಾಟಿದ ಆ ಮನುಷ್ಯ ನಮ್ಮಜ್ಜನ ಮೊಣಕಾಲ ಮೇಲೆ ಹಣೆಯಿಟ್ಟು ಅತ್ತರು. ನಾನು ಎದ್ದು ಅಂಗಳಕ್ಕೆ ಹೋದೆ. ಅಲ್ಲಿ ನನಗೇನು ಕೆಲಸ?

ವಾಪಸ್ ಬರುವಾಗ ಕತ್ತಲಾಗಿತ್ತು. ‘ಅಜ್ಜಾ, ಪೂರಾ ಹೇಳಬಹುದಿತ್ತಲ್ಲ’ ಅಂದೆ. ಅಜ್ಜ ಅಂದರು: ‘ಅಂವ ಬರಗಾಲದ ವರ್ಷ ನನ್ನ ಸಾಲ ತೀರಿಸ್ಯಾನ, ನಾ ಅವನ ಅವ್ವಗ ಮನಿಆರ್ಡರ್ ಮಾಡೇನಿ. ಆ ರೊಕ್ಕಾ ಯಾರೂ ಲೆಕ್ಕಾ ಇಟ್ಟಿಲ್ಲ. ಇದೊಂದ ಮಾತ್ರ ಇಟ್ಟಕೋ ಅಂತ ಕೊಟ್ಟಾನ. ಇದನ್ನೂ ಖರ್ಚು ಮಾಡಿದ್ರ ಅವಂದು ಅಂತ ನನ್ನ ಹತ್ರ ಏನ್ ಉಳೀತೈತಿ?’

ಇದನ್ನು ನಾನು ಬೆಂಗಳೂರಿಗೆ ಬಂದ ಮೇಲೂ ತುಂಬಾ ದಿನ ಯೋಚಿಸಿದೆ. ನಾವು ಎಲ್ಲವನ್ನೂ ಹಂಚಿಕೊಳ್ಳುವ ಜನ. ಊಟ, ಜ್ವರ, ಬ್ರೇಕಪ್ಪು, ಅಪ್ರೈಸಲ್, ಎಲ್ಲ ಸ್ಟೇಟಸ್‌ನಲ್ಲಿ. ಹೇಳಿಕೊಂಡರೆ ಹಗುರಾಗುತ್ತದೆ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಬಾದಾಮಿ ಅಜ್ಜನಿಗೂ ಹೇಳಿಕೊಳ್ಳಬೇಕಿತ್ತು, ಹೇಳಿಕೊಂಡರು ಕೂಡ. ಅವರ ಕಾಲದಲ್ಲಿ ಇಂಥದ್ದಕ್ಕೆ ಡಾಕ್ಟರ ಹತ್ತಿರ ಹೋಗಬಹುದು ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಆ ಕೂಗು ಸ್ವಲ್ಪ ಕಡಿಮೆ ಆಗುತ್ತಿತ್ತೇನೋ, ಮಾಮಾನ ಬಾಲ್ಯ ಬೇರೆ ಥರ ಇರುತ್ತಿತ್ತೇನೋ. ಆ ಮೌನಕ್ಕೆ ಮನೆಯವರು ಕೊಟ್ಟ ಬೆಲೆ ಸಣ್ಣದಲ್ಲ. ಅದನ್ನು ದೊಡ್ಡ ಗುಣ ಅಂತ ಹೊಗಳಲು ನನಗೆ ಮನಸ್ಸಿಲ್ಲ.

ಆದರೆ ಒಂದೇ ಸಲ ಹೇಳಿದ ಮಾತನ್ನು ಐವತ್ತು ವರ್ಷ ಒಬ್ಬ ಗೆಳೆಯ ಜೋಪಾನವಾಗಿ ಇಟ್ಟುಕೊಂಡ. ಮತ್ತೆ ಕೇಳಲಿಲ್ಲ, ಬೇರೆಯವರಿಗೆ ದಾಟಿಸಲಿಲ್ಲ, ಆ ದಿನ ಮಾತ್ರ ಗೆಳೆಯನನ್ನು ಒಬ್ಬನೇ ಬಿಡಲಿಲ್ಲ. ನನ್ನ ಫೋನಿನಲ್ಲಿ ಸಾವಿರದ ಮೇಲೆ ನಂಬರ್ ಇವೆ. ಅದರಲ್ಲಿ ಯಾರ ಹತ್ತಿರ ನಾನು ಹಾಗೆ ಒಂದು ಮಾತು ಇಡಬಲ್ಲೆ? ಅದಕ್ಕಿಂತ ಕಷ್ಟದ ಪ್ರಶ್ನೆ, ಯಾರಾದರೂ ನನ್ನ ಹತ್ತಿರ ಇಟ್ಟರೆ ಅದು ನನ್ನಲ್ಲಿ ಉಳಿದೀತೇ? ಒಬ್ಬನ ಹೆಸರು ಹೊಳೆಯಿತು. ಎರಡು ವರ್ಷದಿಂದ ಮಾತಾಡಿರಲಿಲ್ಲ. ಆ ರಾತ್ರಿಯೇ ಫೋನ್ ಮಾಡಿದೆ.

ಮೊನ್ನೆ ಡಿಸೆಂಬರ್ 10ಕ್ಕೆ ಅಜ್ಜ ಒಬ್ಬರೇ ಇರುತ್ತಾರಲ್ಲ ಅಂತ ರಜೆ ಹಾಕಿ ಇಳಕಲ್‌ಗೆ ಹೋಗಿದ್ದೆ. ಬೆಳಿಗ್ಗೆ ಅಜ್ಜ ಕಟ್ಟೆ ಮೇಲೆ ಕೂತಿದ್ದರು. ಹತ್ತು ಗಂಟೆ ಸುಮಾರಿಗೆ ಬಾಗಲಕೋಟೆ ಬಸ್ಸಿನಿಂದ ಇಳಿದು ಒಬ್ಬರು ನಡೆದು ಬಂದರು. ಮಾಮಾ. ಕೈಯಲ್ಲಿ ಕರದಂಟಿನ ಡಬ್ಬಿ.

‘ಬಾರಪಾ’ ಅಂದರು ಅಜ್ಜ.

ಮಾಮಾ ಪಕ್ಕದಲ್ಲಿ ಕೂತರು. ಅಜ್ಜಿ ಚಹಾ ತಂದಿಟ್ಟರು. ‘ಈ ಸಲ ಕಡ್ಲಿ ಹೆಂಗೈತಿ?’ ಅಂತ ಅಜ್ಜ ಕೇಳಿದರು. ‘ಪರವಾಗಿಲ್ರಿ ಕಾಕಾ’ ಅಂದರು ಮಾಮಾ. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ.